ಕ್ಲೇರ್‌ಮಾಂಟ್ ಬರೆದ ‘ಎಕ್ಸ್-ಮೆನ್’: ಇಂದು ಕೂತು ಓದುವಷ್ಟು ಚೆನ್ನಾಗಿದೆಯೇ?

ಸಿನಿಮಾ ನೋಡಿ ಎಕ್ಸ್-ಮೆನ್ ಬಗ್ಗೆ ಆಸಕ್ತಿ ಹುಟ್ಟಿ, ಮೂಲ ಕಾಮಿಕ್ಸನ್ನೇ ಓದೋಣವೆಂದು ಹೊರಟವರಿಗೆ ಮೊದಲು ಆಗುವುದು ಗಾಬರಿ. 1963ರಲ್ಲಿ ಶುರುವಾದ ಸರಣಿ ಅದು. ನೂರಾರು ಸಂಚಿಕೆಗಳಿವೆ, ಅದರಿಂದ ಕವಲೊಡೆದ ಬೇರೆ ಸರಣಿಗಳೂ ಹತ್ತಾರಿವೆ. ಸತ್ತವರು ಎದ್ದು ಬರುತ್ತಾರೆ, ಭವಿಷ್ಯದಿಂದ ಮಕ್ಕಳು ಬಂದಿಳಿಯುತ್ತಾರೆ, ಒಬ್ಬರಿಗೇ ಮೂರು ಮೂರು ಹೆಸರು. ಎಲ್ಲಿಂದ ಹಿಡಿಯುವುದು, ಅಷ್ಟೆಲ್ಲ ಕಷ್ಟಪಟ್ಟು ಹಿಡಿದರೂ ಸಿಗುವುದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಉತ್ತರ ಹೀಗಿದೆ: ಓದಬೇಕು, ಆದರೆ ಎಲ್ಲವನ್ನೂ ಓದಬೇಕಿಲ್ಲ. 1975ರಿಂದ 1991ರವರೆಗೆ ಕ್ರಿಸ್ ಕ್ಲೇರ್‌ಮಾಂಟ್ ಬರೆದ ಭಾಗವೊಂದಿದೆ. ಎಕ್ಸ್-ಮೆನ್ ಎಂದಾಗ ಜನರ ಮನಸ್ಸಿಗೆ ಬರುವ ಬಹುಪಾಲು ಹುಟ್ಟಿದ್ದು ಅಥವಾ ರೂಪುಗೊಂಡದ್ದು ಅಲ್ಲಿ. ಅದರ ಮೊದಲ ಐವತ್ತು ಸಂಚಿಕೆಗಳನ್ನಂತೂ ಒಂದು ದೀರ್ಘ ಕಾದಂಬರಿಯಂತೆ ಓದಬಹುದು. ಸೂಪರ್‌ಹೀರೋ ಕಥೆಗಳ ಗೀಳಿಲ್ಲದವರಿಗೂ ಅದನ್ನು ಧೈರ್ಯವಾಗಿ ಕೈಗೆ ಕೊಡುತ್ತೇನೆ.

ಹಾಗಾದರೆ 1963ರ ಮೊದಲ ಸಂಚಿಕೆಯಿಂದಲೇ ಯಾಕೆ ಶುರುಮಾಡಬಾರದು? ಶುರುಮಾಡಿದ ಹೆಚ್ಚಿನವರು ಹತ್ತನೆಯ ಸಂಚಿಕೆ ದಾಟುವುದಿಲ್ಲ, ಅದಕ್ಕೇ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಕಟ್ಟಿದ ಮೂಲ ಕಲ್ಪನೆ ಸೊಗಸಾಗಿತ್ತು. ಜೇಡ ಕಚ್ಚಿತು, ವಿಕಿರಣ ತಗುಲಿತು ಎಂದು ಪ್ರತಿ ನಾಯಕನ ಶಕ್ತಿಗೂ ಒಂದೊಂದು ಕಾರಣ ಹೊಸೆಯುವ ಬದಲು, ಇವರು ಹುಟ್ಟುವಾಗಲೇ ಹೀಗೆ ಎಂದುಬಿಟ್ಟರು. ಅವರೇ ಮ್ಯೂಟೆಂಟ್‌ಗಳು. ವಂಶವಾಹಿಯಲ್ಲಿ ಆದ ಬದಲಾವಣೆಯಿಂದ ಹದಿಹರೆಯದಲ್ಲಿ ವಿಚಿತ್ರ ಶಕ್ತಿ ಮೈದೋರುವವರು. ನ್ಯೂಯಾರ್ಕ್ ಬಳಿಯ ಬಂಗಲೆಯೊಂದರಲ್ಲಿ ಪ್ರೊಫೆಸರ್ ಚಾರ್ಲ್ಸ್ ಝೇವಿಯರ್ ಅಂಥ ಐವರು ಮಕ್ಕಳಿಗೆ ಶಾಲೆ ನಡೆಸುತ್ತಾನೆ. ಅವರನ್ನು ಕಂಡರೆ ಹೆದರುವ, ದ್ವೇಷಿಸುವ ಜಗತ್ತನ್ನೇ ಅವರು ಕಾಪಾಡಬೇಕು.

ಕಲ್ಪನೆ ಇಷ್ಟು ಚೆನ್ನಾಗಿದ್ದರೂ ಕಥೆಗಳು ಅದರ ಎತ್ತರಕ್ಕೆ ಏರಲಿಲ್ಲ. ಝೇವಿಯರ್ ಎಂದರೆ ಅಮೆರಿಕದ ಕಪ್ಪು ಜನರ ಅಹಿಂಸಾ ಹೋರಾಟದ ಮಾರ್ಟಿನ್ ಲೂಥರ್ ಕಿಂಗ್, ಅವನ ಎದುರಾಳಿ ಮ್ಯಾಗ್ನೆಟೋ ಎಂದರೆ ಅದೇ ಹೋರಾಟದ ಉಗ್ರ ದನಿ ಮಾಲ್ಕಮ್ ಎಕ್ಸ್ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಮೊದಲ ಸಂಚಿಕೆಯನ್ನು ತೆಗೆದು ನೋಡಿದರೆ ಮ್ಯಾಗ್ನೆಟೋ ಕ್ಷಿಪಣಿ ನೆಲೆಯನ್ನು ವಶಪಡಿಸಿಕೊಂಡು ಅಬ್ಬರಿಸುವ ಮಾಮೂಲಿ ಖಳ, ಅಷ್ಟೇ. ಆ ಆಳ ಆಮೇಲೆ ಬಂದದ್ದು. ಮಾರಾಟವೂ ಕುಸಿಯುತ್ತ ಹೋಗಿ 1970ರ ಹೊತ್ತಿಗೆ 66ನೇ ಸಂಚಿಕೆಯೊಂದಿಗೆ ಹೊಸ ಕಥೆಗಳು ನಿಂತವು. ಮುಂದಿನ ಐದು ವರ್ಷ ಹಳೆಯ ಕಥೆಗಳನ್ನೇ ಮರುಮುದ್ರಿಸಿ ಹೆಸರನ್ನು ಉಸಿರಾಡಿಸಿಟ್ಟರು.

1975ರಲ್ಲಿ ಲೆನ್ ವೀನ್ ಮತ್ತು ಚಿತ್ರಕಾರ ಡೇವ್ ಕಾಕ್ರಮ್ ಒಂದು ವಿಶೇಷ ಸಂಚಿಕೆ ತಂದರು: ‘ಜೈಂಟ್-ಸೈಜ್ ಎಕ್ಸ್-ಮೆನ್’. ಹಳೆಯ ತಂಡ ಒಂದು ದ್ವೀಪದಲ್ಲಿ ಸಿಕ್ಕಿಬಿದ್ದಿದೆ, ಬಿಡಿಸಲು ಝೇವಿಯರ್ ಜಗತ್ತಿನ ಮೂಲೆಮೂಲೆಯಿಂದ ಹೊಸಬರನ್ನು ಕರೆತರುತ್ತಾನೆ. ಜರ್ಮನಿಯಿಂದ, ನೀಲಿ ಮೈಯ, ಬಾಲವಿರುವ ನೈಟ್‌ಕ್ರಾಲರ್. ಮಳೆ ಗಾಳಿಗಳನ್ನು ಆಡಿಸುವ ಸ್ಟಾರ್ಮ್ ಕೀನ್ಯಾದಿಂದ, ಮೈಯನ್ನು ಉಕ್ಕಾಗಿಸಿಕೊಳ್ಳುವ ರೈತ ಹುಡುಗ ಕೊಲಾಸಸ್ ಸೋವಿಯತ್ ಸೈಬೀರಿಯಾದಿಂದ. ಕೆನಡಾದಿಂದ ವುಲ್ವರೀನ್. ಐರ್ಲೆಂಡಿನ ಬ್ಯಾನ್‌ಶೀ, ಜಪಾನಿನ ಸನ್‌ಫೈರ್, ಅಪಾಚೆ ಬುಡಕಟ್ಟಿನ ಥಂಡರ್‌ಬರ್ಡ್ ಕೂಡ ಬಂದರು. ಮುಂದಿನ ಮಾಮೂಲಿ ಸಂಚಿಕೆಯಿಂದ, ಅಂದರೆ 94ರಿಂದ, ಬರವಣಿಗೆ ಕ್ಲೇರ್‌ಮಾಂಟ್ ಕೈಗೆ ಬಂತು. ಆಗ ಅವರಿಗೆ 24 ವಯಸ್ಸು. ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಯಾರೂ ಲೆಕ್ಕಕ್ಕಿಡದ, ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಸರಣಿ ಅದಾಗಿದ್ದರಿಂದ ಅವರ ಪಾಡಿಗೆ ಅವರನ್ನು ಬಿಟ್ಟರು. ಮುಂದಿನದ್ದೆಲ್ಲ ಸಾಧ್ಯವಾಗಿದ್ದು ಬಹುಶಃ ಈ ನಿರ್ಲಕ್ಷ್ಯದಿಂದಲೇ.

ಅಮೆರಿಕದ ದೊಡ್ಡ ಪ್ರಕಾಶನಗಳಲ್ಲಿ ಪಾತ್ರಗಳು ಕಂಪನಿಯ ಆಸ್ತಿ. ಬರೆಯುವವರು ಬರುತ್ತಾರೆ, ಹೋಗುತ್ತಾರೆ. ಒಬ್ಬರು ಮುರಿದದ್ದನ್ನು ಇನ್ನೊಬ್ಬರು ಜೋಡಿಸಿ ಮತ್ತೆ ಹಳೆಯ ಜಾಗದಲ್ಲೇ ಇಡುತ್ತಾರೆ. ಹಾಗಾಗಿ ಅಲ್ಲಿ ಯಾರೂ ನಿಜವಾಗಿ ಬದಲಾಗುವುದಿಲ್ಲ. ಒಬ್ಬರೇ 16 ವರ್ಷ ಉಳಿದದ್ದರಿಂದ ಈ ಸರಣಿಯಲ್ಲಿ ಜನ ಬದಲಾದರು.

ಸ್ಟಾರ್ಮ್‌ಳ ದಾರಿಯನ್ನು ನೋಡಿ. ಮೊದಲಿಗೆ ಬರುವಾಗ ಅವಳು ಹಳ್ಳಿಯ ಜನ ದೇವತೆಯೆಂದು ಪೂಜಿಸುವ, ಗಂಭೀರವಾಗಿ ಮಾತಾಡುವ ದೂರದ ಹೆಂಗಸು. ಮುಚ್ಚಿದ ಜಾಗವೆಂದರೆ ಅವಳಿಗೆ ಪ್ರಾಣಭಯ. ಅದೇಕೆಂದು 102ನೇ ಸಂಚಿಕೆ ಹೇಳುತ್ತದೆ: ಸೂಯೆಜ್ ಯುದ್ಧದ ಹೊತ್ತಿಗೆ ಕೈರೋದಲ್ಲಿ ಮನೆ ಕುಸಿದು ತಂದೆತಾಯಿ ಸತ್ತಾಗ ಅವಳು ಅವಶೇಷಗಳಡಿ ಹೂತುಹೋಗಿದ್ದಳು. 139ರ ಹೊತ್ತಿಗೆ ತಂಡದ ನಾಯಕತ್ವ ಅವಳ ಹೆಗಲಿಗೆ ಬರುತ್ತದೆ. 173ರಲ್ಲಿ ನಡುವೆ ಒಂದು ಸಾಲು ಬಿಟ್ಟು ಉದ್ದ ಕೂದಲು ಬೋಳಿಸಿ, ಚರ್ಮದ ಅಂಗಿ ತೊಟ್ಟು ನಿಂತಾಗ ಅವಳನ್ನು ತಾಯಿಯಂತೆ ನೆಚ್ಚಿಕೊಂಡಿದ್ದ, ತಂಡದ ಕಿರಿಯ ಹುಡುಗಿ ಕಿಟ್ಟಿ ಅಳುತ್ತ ಓಡುತ್ತಾಳೆ. 185ರಲ್ಲಿ ಶಕ್ತಿಯೇ ಹೋಗುತ್ತದೆ. ಬ್ಯಾರಿ ವಿಂಡ್ಸರ್-ಸ್ಮಿತ್ ಚಿತ್ರಿಸಿದ 186ರಲ್ಲಿ ಹೊಡೆದಾಟವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಶಕ್ತಿ ಕಳೆದುಕೊಂಡ ಹೆಣ್ಣೊಬ್ಬಳು ಇನ್ನು ಬದುಕುವುದು ಯಾಕೆ ಎಂದು ಕೇಳಿಕೊಳ್ಳುವ ಇಡೀ ಸಂಚಿಕೆ ಅದು. 201ರಲ್ಲಿ ಶಕ್ತಿಯಿಲ್ಲದೆಯೇ, ಮೂಲ ಐವರಲ್ಲೊಬ್ಬನೂ ಹಿಂದಿನ ನಾಯಕನೂ ಆದ ಸೈಕ್ಲಾಪ್ಸ್‌ನನ್ನು (ನಿಜ ಹೆಸರು ಸ್ಕಾಟ್) ಸೋಲಿಸಿ ನಾಯಕತ್ವ ಉಳಿಸಿಕೊಳ್ಳುತ್ತಾಳೆ. ಇಷ್ಟಾಗಲು ಹತ್ತು ವರ್ಷ ಹಿಡಿಯಿತು. ತಿಂಗಳು ತಿಂಗಳು ಕಾದು ಓದಿದವರು ಅವಳ ಜೊತೆಗೇ ದೊಡ್ಡವರಾದರು. ಒಟ್ಟಿಗೆ ಓದುವ ನಮಗೆ ಒಂದು ಬಾಳು ಪೂರ್ತಿ ತೆರೆದುಕೊಂಡಂತೆ ಕಾಣುತ್ತದೆ.

ಸರಣಿಯ ಶಿಖರವೆಂದರೆ ಜಾನ್ ಬರ್ನ್ ಚಿತ್ರ ಬರೆದ ಅವಧಿ: 1977ರ ಕೊನೆಯ 108ನೇ ಸಂಚಿಕೆಯಿಂದ 1981ರ 143ರವರೆಗೆ. ಪೆನ್ಸಿಲ್ ಚಿತ್ರದ ಮೇಲೆ ಶಾಯಿಯ ಗೆರೆ ಎಳೆಯುವ ಕೆಲಸ ಟೆರಿ ಆಸ್ಟಿನ್ ಮಾಡಿದರು, ಅದರ ಚೊಕ್ಕ ಗೆರೆಗಳನ್ನು ಇವತ್ತಿಗೂ ಬೆರಗಾಗಿ ನೋಡಬಹುದು. ಅಕ್ಷರ ಬರೆದ ಟಾಮ್ ಆರ್ಜೆಚೋವ್‌ಸ್ಕಿ ಅವರನ್ನೂ ಇಲ್ಲೇ ನೆನೆಯಬೇಕು. ಕ್ಲೇರ್‌ಮಾಂಟ್ ಬರೆದಷ್ಟು ಮಾತನ್ನು ಚಿತ್ರ ಮುಚ್ಚದಂತೆ ಹಿಡಿಸುವುದು ಸಣ್ಣ ಕೌಶಲವಲ್ಲ. ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಸಂಸ್ಥೆಯಲ್ಲಿ ಆಗ ನಡೆಯುತ್ತಿದ್ದ ಪದ್ಧತಿಯನ್ನು ತಿಳಿದಿದ್ದರೆ ಈ ಪುಟಗಳು ಹೆಚ್ಚು ಅರ್ಥವಾಗುತ್ತವೆ. ಲೇಖಕ ಪೂರ್ತಿ ಚಿತ್ರಕಥೆ ಬರೆಯುವುದಿಲ್ಲ. ಕಥೆಯ ಹಂದರ ಮೊದಲು ತಯಾರಾಗುತ್ತದೆ, ಚಿತ್ರಕಾರ ಅದನ್ನು ಪುಟಗಳಾಗಿ ಬಿಡಿಸುತ್ತಾನೆ, ಆಮೇಲೆ ಲೇಖಕ ಆ ಚಿತ್ರಗಳಿಗೆ ಮಾತು ಕೂರಿಸುತ್ತಾನೆ. ಬರ್ನ್ ಹಂದರದಲ್ಲೂ ಪಾಲುದಾರರು. ಇಬ್ಬರಿಗೂ ಪಾತ್ರಗಳ ಬಗ್ಗೆ ಬೇರೆ ಬೇರೆ ಅಭಿಪ್ರಾಯವಿತ್ತು. ಬರ್ನ್ ಒಂದು ಭಾವದಲ್ಲಿ ಬಿಡಿಸಿದ ಮುಖಕ್ಕೆ ಕ್ಲೇರ್‌ಮಾಂಟ್ ಇನ್ನೊಂದು ಭಾವದ ಮಾತು ಬರೆದದ್ದುಂಟು. ಆ ಎಳೆದಾಟ ಪುಟದಲ್ಲಿ ಜೀವವಾಗಿ ಹರಿಯಿತು. ಬರ್ನ್ ಕೆನಡಾದಲ್ಲಿ ಬೆಳೆದವರು. ತಂಡದಲ್ಲಿದ್ದ ಒಬ್ಬನೇ ಕೆನಡಿಯನ್ ವುಲ್ವರೀನ್‌ನನ್ನು ಬಿಟ್ಟುಕೊಡದೆ ಬೆಳೆಸಿದ್ದರಲ್ಲಿ ಅವರ ಪಾಲು ದೊಡ್ಡದು.

129ರಿಂದ 137ರವರೆಗಿನ ‘ಡಾರ್ಕ್ ಫೀನಿಕ್ಸ್’ ಕಥೆ ಈ ಅವಧಿಯದ್ದು. ಎರಡು ಸಲ ಸಿನಿಮಾ ಮಾಡಿಯೂ ಇದರ ಹತ್ತಿರ ಯಾರೂ ಸುಳಿಯಲಿಲ್ಲ. ಕಾರಣ ಸರಳ: ಸಿನಿಮಾಗಳಿಗೆ ನಾಲ್ಕು ವರ್ಷದ ತಯಾರಿ ಇರಲಿಲ್ಲ. ಜೀನ್ ಗ್ರೇ ಮೂಲ ಐವರಲ್ಲೊಬ್ಬಳು, ತಂಡದ ಅತಿ ಮೆತ್ತನೆಯ ಸದಸ್ಯೆ. 1976ರಲ್ಲಿ ಬಾಹ್ಯಾಕಾಶ ನೌಕೆಯೊಂದನ್ನು ಇಳಿಸುವಾಗ ಸಾವಿನ ಬಾಯಿಗೆ ಹೋಗಿ, 101ನೇ ಸಂಚಿಕೆಯಲ್ಲಿ ನೀರಿನಿಂದ ಫೀನಿಕ್ಸ್ ಆಗಿ ಎದ್ದುಬರುತ್ತಾಳೆ. ಆಮೇಲೆ ಬಹಳ ಕಾಲ ಅವಳ ಶಕ್ತಿ ಹೆಚ್ಚುತ್ತಲೇ ಹೋಗುತ್ತದೆ, ಅದರ ರುಚಿ ಅವಳಿಗೆ ಹತ್ತುತ್ತಲೇ ಹೋಗುತ್ತದೆ. ಹೆಲ್‌ಫೈರ್ ಕ್ಲಬ್ ಎಂಬ ಸಿರಿವಂತರ ಗುಪ್ತಕೂಟದ ಮಾಸ್ಟರ್‌ಮೈಂಡ್ ಎಂಬವನು ಅವಳ ಮನಸ್ಸಿಗೆ ಹದಿನೆಂಟನೆಯ ಶತಮಾನದ ಭ್ರಮೆಯೊಂದನ್ನು ತುಂಬಿ ಅವಳೊಳಗಿನ ಕಟ್ಟೆ ಒಡೆಯುತ್ತಾನೆ. ಹಸಿದ ಫೀನಿಕ್ಸ್ ದೂರದ ನಕ್ಷತ್ರವೊಂದನ್ನು ನುಂಗುತ್ತಾಳೆ. ಅದರ ಸುತ್ತಲ ಗ್ರಹದಲ್ಲಿದ್ದ 500 ಕೋಟಿ ಜೀವಗಳು ಸಾಯುತ್ತವೆ.

ಇಲ್ಲಿ ತೆರೆಮರೆಯ ಸಂಗತಿಯೊಂದನ್ನು ಹೇಳಲೇಬೇಕು, ಏಕೆಂದರೆ ಕಥೆಯ ತೂಕವೆಲ್ಲ ಅದರ ಮೇಲೆ ನಿಂತಿದೆ. ಕ್ಲೇರ್‌ಮಾಂಟ್ ಮತ್ತು ಬರ್ನ್ ಮೊದಲು ಬರೆದ ಮುಕ್ತಾಯದಲ್ಲಿ ಜೀನ್ ಸಾಯುವುದಿಲ್ಲ. ಅನ್ಯಗ್ರಹದ ಶಿಯಾರ್ ಸಾಮ್ರಾಜ್ಯದವರು ಅವಳ ಶಕ್ತಿ ಕಿತ್ತುಹಾಕುತ್ತಾರೆ, ಅವಳು ಸಾಮಾನ್ಯಳಾಗಿ ಮನೆಗೆ ಮರಳುತ್ತಾಳೆ. ಪ್ರಧಾನ ಸಂಪಾದಕ ಜಿಮ್ ಶೂಟರ್ ಇದನ್ನು ಒಪ್ಪಲಿಲ್ಲ. ಇಡೀ ಗ್ರಹದ ಜನರನ್ನು ಕೊಂದವಳು ಏನೂ ಆಗದಂತೆ ಮನೆಗೆ ಹೋಗುವುದು ಹೇಗೆ ಎಂಬುದು ಅವರ ತಕರಾರು. ಚಿತ್ರ ಮುಗಿದಿದ್ದ ಸಂಚಿಕೆಯ ಕೊನೆಯ ಪುಟಗಳನ್ನು ತೆಗೆದು ಹೊಸದಾಗಿ ಮಾಡಿದರು. 1980ರ ಸೆಪ್ಟೆಂಬರ್ ತಾರೀಖಿನ, ಇಮ್ಮಡಿ ಗಾತ್ರದ 137ನೇ ಸಂಚಿಕೆಯಲ್ಲಿ, ಚಂದ್ರನ ಮೇಲೆ, ತನ್ನನ್ನು ಇನ್ನು ತಡೆದುಕೊಳ್ಳಲಾರೆ ಎಂದು ಅರಿತ ಜೀನ್ ಪ್ರಿಯಕರ ಸ್ಕಾಟ್‌ನ ಕಣ್ಣೆದುರೇ ಪ್ರಾಣ ಕಳೆದುಕೊಳ್ಳುತ್ತಾಳೆ. ಹಳೆಯ ಮುಕ್ತಾಯವನ್ನು 1984ರಲ್ಲಿ ಪ್ರತ್ಯೇಕವಾಗಿ ಅಚ್ಚುಹಾಕಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಶೂಟರ್ ಹೇಳಿದ್ದೇ ಸರಿ ಎಂದು ನನಗೆ ಖಚಿತವಾಗುತ್ತದೆ. ಮಾಡಿದ ಕರ್ಮದ ಭಾರವನ್ನು ನಾಯಕಿಯೇ ಹೊತ್ತ ಕಾರಣಕ್ಕೆ ಅದು ದುರಂತವಾಯಿತು, ಇಲ್ಲದಿದ್ದರೆ ಒಳ್ಳೆಯ ಸಾಹಸಕಥೆಯಷ್ಟೇ ಆಗಿ ಉಳಿಯುತ್ತಿತ್ತು.

ಜೀನ್‌ಳನ್ನು 1986ರಲ್ಲಿ ಪ್ರಕಾಶನ ಸಂಸ್ಥೆ ಬದುಕಿಸಿತು. ಸತ್ತದ್ದು ಅವಳಲ್ಲ, ಅವಳ ರೂಪ ತಾಳಿದ ಶಕ್ತಿ ಎಂದು ವಿವರಣೆ ಕೊಟ್ಟಿತು. ಮೂಲ ಐವರನ್ನು ಒಟ್ಟುಗೂಡಿಸಿ ‘ಎಕ್ಸ್-ಫ್ಯಾಕ್ಟರ್’ ಸರಣಿ ಶುರುಮಾಡುವುದು ಉದ್ದೇಶವಾಗಿತ್ತು. ಅದಕ್ಕಾಗಿ, ಅಷ್ಟರಲ್ಲಿ ಬೇರೊಬ್ಬಳನ್ನು ಮದುವೆಯಾಗಿದ್ದ ಸ್ಕಾಟ್ ತನ್ನ ಹೆಂಡತಿಯನ್ನೂ ಎಳೆಗೂಸನ್ನೂ ಬಿಟ್ಟು ಹೊರಡುತ್ತಾನೆ. ಕ್ಲೇರ್‌ಮಾಂಟ್ ಇದನ್ನು ವಿರೋಧಿಸಿದ್ದರು. ಓದುಗಳಾಗಿ ನನ್ನ ಸಲಹೆ: 137ನ್ನು ಓದುವಾಗ ಇದನ್ನೆಲ್ಲ ಮನಸ್ಸಿನಿಂದ ದೂರವಿಡಿ. ಬರೆದವರು ಬರೆದಾಗ ಜೀನ್ ಸತ್ತಿದ್ದಳು.

ಅದರ ನಂತರದ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಕಥೆ ಎಷ್ಟು ಪುಟ್ಟದೆಂದು ತಿಳಿದರೆ ಸಿನಿಮಾ ನೋಡಿದವರಿಗೆ ಅಚ್ಚರಿಯಾದೀತು. 141 ಮತ್ತು 142, ಎರಡೇ ಸಂಚಿಕೆ. ಆಗಿನ ಕಾಲಕ್ಕೆ ದೂರದ ಭವಿಷ್ಯವಾಗಿದ್ದ 2013ರಲ್ಲಿ ಸೆಂಟಿನೆಲ್ ಎಂಬ ಯಂತ್ರಮಾನವರು ಮ್ಯೂಟೆಂಟ್‌ಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದಾರೆ. ವಯಸ್ಸಾದ ಕಿಟ್ಟಿಯ ಮನಸ್ಸು 1980ರ ತನ್ನದೇ ಹದಿಮೂರರ ದೇಹಕ್ಕೆ ಬಂದು, ಸೆನೆಟರ್ ಒಬ್ಬನ ಹತ್ಯೆ ತಡೆಯಲು ಹೆಣಗುತ್ತದೆ. ಹತ್ಯೆ ತಪ್ಪುತ್ತದೆ, ಭವಿಷ್ಯ ತಪ್ಪಿತೇ ಎಂಬುದನ್ನು ಕಥೆ ಹೇಳುವುದಿಲ್ಲ.

ಮ್ಯಾಗ್ನೆಟೋ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕ್ಲೇರ್‌ಮಾಂಟ್ ಮಾಡಿದ ಅತಿ ದೊಡ್ಡ ಕೆಲಸ ಇದೆಂದು ನನ್ನ ನಂಬಿಕೆ. 1981ರ 150ನೇ ಸಂಚಿಕೆಯಲ್ಲಿ ಅವನು ಎಂದಿನಂತೆ ಜಗತ್ತನ್ನೇ ಬೆದರಿಸುತ್ತಿದ್ದಾನೆ. ಜಗಳದ ನಡುವೆ ಕಿಟ್ಟಿಗೆ ಹೊಡೆತ ಬೀಳುತ್ತದೆ. ಹುಡುಗಿ ಸತ್ತಳೆಂದು ತಿಳಿದು ಅವನು ಸ್ತಬ್ಧನಾಗುತ್ತಾನೆ. ಅವನು ಆಶ್‌ವಿಟ್ಜ್‌ನಿಂದ ಬದುಕುಳಿದು ಬಂದವನೆಂದು ಅಲ್ಲಿ ಮೊದಲ ಸಲ ತಿಳಿಯುತ್ತದೆ. ತನ್ನವರನ್ನು ಕೊಂದ ಕೈಗಳಿಗೂ ತನ್ನ ಕೈಗಳಿಗೂ ಈಗ ಏನು ವ್ಯತ್ಯಾಸ ಎಂಬ ಪ್ರಶ್ನೆ ಅವನ ಮುಂದೆ ನಿಲ್ಲುತ್ತದೆ. 161ರಲ್ಲಿ ಯುದ್ಧಾನಂತರದ ಇಸ್ರೇಲ್, ಹೈಫಾದ ಆಸ್ಪತ್ರೆ, ಅಲ್ಲಿ ಚಾರ್ಲ್ಸ್ ಜೊತೆ ಬೆಳೆದ ಗೆಳೆತನ. 200ರಲ್ಲಿ ಪ್ಯಾರಿಸ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ವಿಚಾರಣೆ. ಆಮೇಲೆ ಶಾಲೆಯ ಹೊಣೆಯೇ ಅವನಿಗೆ. ಸಿನಿಮಾದಲ್ಲಿ ಇಯಾನ್ ಮೆಕೆಲೆನ್, ಮೈಕೆಲ್ ಫಾಸ್‌ಬೆಂಡರ್ ಅಭಿನಯಿಸಿದ ಮ್ಯಾಗ್ನೆಟೋ ಪೂರ್ತಿ ಇಲ್ಲಿಂದ ಬಂದವನು, 1963ರಿಂದ ಬಂದದ್ದು ಅವನ ಶಿರಸ್ತ್ರಾಣ ಮಾತ್ರ.

ಮ್ಯೂಟೆಂಟ್ ಎಂಬ ರೂಪಕ ಎಲ್ಲರಿಗೂ ಹಿಡಿಸುವುದಿಲ್ಲ. ಕಪ್ಪು ಜನರು, ಯಹೂದಿಗಳು, ಸಲಿಂಗಿಗಳು ಯಾರಿಗೂ ಕಣ್ಣಿನಿಂದ ಬೆಟ್ಟ ಸೀಳುವ ಶಕ್ತಿಯಿಲ್ಲ. ಅವರನ್ನು ಕಂಡು ಹೆದರಲು ಕಾರಣವೇ ಇಲ್ಲ. ಮ್ಯೂಟೆಂಟ್‌ಗಳಿಗೆ ಹೆದರಲು ಕಾರಣವಿದೆ. ಹಾಗಾದರೆ ಹೋಲಿಕೆ ಎಲ್ಲಿ ಕೂರುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಆದರೂ ರೂಪಕ ಕೆಲಸ ಮಾಡುವುದು ಅಲ್ಲಲ್ಲಿ, ಒಂದೊಂದು ಪಾತ್ರದ ಮಟ್ಟದಲ್ಲಿ. ನೈಟ್‌ಕ್ರಾಲರ್ ಮೊದಲ ಸಲ ಕಾಣಿಸುವುದೇ ಊರಿನ ಜನ ಪಂಜು ಹಿಡಿದು ಅಟ್ಟಿಸಿಕೊಂಡು ಬರುವಾಗ. ಆರಂಭದಲ್ಲಿ ಮನುಷ್ಯನಂತೆ ಕಾಣಿಸುವ ಯಂತ್ರವೊಂದನ್ನು ಹಾಕಿಕೊಂಡು ಓಡಾಡುತ್ತಾನೆ, ಬರಬರುತ್ತ ತನ್ನ ನೀಲಿ ಮೈಯಲ್ಲೇ ಬೀದಿಗೆ ಇಳಿಯುತ್ತಾನೆ. ಹುಟ್ಟಿದ ದೇಹಕ್ಕಾಗಿ ತಲೆ ತಗ್ಗಿಸಿದ ಯಾರಿಗಾದರೂ ಇದು ತಟ್ಟುತ್ತದೆ.

ರೂಪಕ ತನ್ನ ಪೂರ್ಣ ಬಲದಲ್ಲಿ ನಿಂತದ್ದು 1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ನಲ್ಲಿ. ಬ್ರೆಂಟ್ ಆ್ಯಂಡರ್ಸನ್ ಚಿತ್ರಗಳಿರುವ ಇದು ತಾನೇ ತಾನಾಗಿ ನಿಲ್ಲುವ ಒಂದು ಪುಸ್ತಕ. ಮೊದಲ ಪುಟಗಳಲ್ಲೇ ಇಬ್ಬರು ಕಪ್ಪು ಮಕ್ಕಳನ್ನು ಕೊಂದು ಶಾಲೆಯ ಜೋಕಾಲಿಗೆ ತೂಗುಹಾಕಲಾಗುತ್ತದೆ. ಖಳನಿಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಅವನು ವಿಲಿಯಂ ಸ್ಟ್ರೈಕರ್, ಟಿವಿಯಲ್ಲಿ ಬರುವ ಧರ್ಮಬೋಧಕ. ಬೈಬಲ್ ಹಿಡಿದು ತುಂಬಿದ ಸಭೆಯ ಮುಂದೆ ಇವರು ಮನುಷ್ಯರಲ್ಲ ಎನ್ನುತ್ತಾನೆ. ದ್ವೇಷ ಹೇಗೆ ಭಕ್ತಿಯ ಭಾಷೆಯಲ್ಲಿ ಮಾತಾಡುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಸೂಪರ್‌ಹೀರೋ ಕಥೆ ನಾನು ಬೇರೆ ಓದಿಲ್ಲ. 2003ರ ಎರಡನೇ ಎಕ್ಸ್-ಮೆನ್ ಸಿನಿಮಾ ಇದರಿಂದ ಎಳೆ ತೆಗೆದುಕೊಂಡಿತು, ಆದರೆ ಬೋಧಕನನ್ನು ಸೇನಾಧಿಕಾರಿ ಮಾಡಿ ಕಥೆಯ ಹಲ್ಲು ಕಿತ್ತಿತು. ಒಂದೇ ಪುಸ್ತಕ ಓದುವಷ್ಟು ಪುರುಸೊತ್ತು ಇರುವವರಿಗೆ ನಾನು ಹೇಳುವುದು ಇದನ್ನೇ.

ಓದಲು ಕೂತರೆ ಎದುರಾಗುವ ತೊಡಕುಗಳೂ ಇವೆ. ಮೊದಲನೆಯದು ಮಾತಿನ ರಾಶಿ. ಪಾತ್ರಗಳು ಹೊಡೆದಾಡುತ್ತಲೇ ತಮ್ಮ ಶಕ್ತಿ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತವೆ. ಕೊಲಾಸಸ್ ಪ್ರತಿ ಸಲ ಉಕ್ಕಾಗುವಾಗಲೂ ನಮಗೆ ಅದನ್ನು ತಿಳಿಸಲಾಗುತ್ತದೆ. ಇದು ಬರೆಯಲು ಬಾರದ್ದರಿಂದ ಆದದ್ದಲ್ಲ. ಪುಸ್ತಕದಂಗಡಿಯಲ್ಲಿ ಯಾವ ಸಂಚಿಕೆ ಯಾರ ಕೈಗೆ ಮೊದಲು ಸಿಗುವುದೋ ಗೊತ್ತಿಲ್ಲ, ಹಾಗಾಗಿ ಪ್ರತಿ ಸಂಚಿಕೆಯೂ ಹೊಸಬನಿಗೆ ಅರ್ಥವಾಗಬೇಕು ಎಂಬ ನಿಯಮವಿತ್ತು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳ ತಲೆಯ ಮೇಲೆ ‘ಇದುವರೆಗಿನ ಕಥೆ’ ಬರುತ್ತಿತ್ತಲ್ಲ, ಅದನ್ನೇ ಇವರು ಸಂಭಾಷಣೆಯೊಳಗೆ ಬೆರೆಸಿದರು. ದಿನಕ್ಕೆ ಎರಡು ಮೂರು ಸಂಚಿಕೆ ಓದಿದರೆ ಇದು ಅಷ್ಟಾಗಿ ಕಾಡುವುದಿಲ್ಲ. ಒಂದೇ ಸಲಕ್ಕೆ ಇಪ್ಪತ್ತು ಓದಿದರೆ ತಲೆನೋವು ಬರುವುದು ಖಂಡಿತ.

ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಇನ್ನೊಂದು ತೊಡಕು. ಕ್ಲೇರ್‌ಮಾಂಟ್ ಉಚ್ಚಾರಣೆಯನ್ನು ಅಕ್ಷರದಲ್ಲೇ ಬರೆಯುತ್ತಾರೆ. ಅಮೆರಿಕದ ದಕ್ಷಿಣದ ರೋಗ್, ಕೆಂಟಕಿಯ ಕ್ಯಾನನ್‌ಬಾಲ್, ಸ್ಕಾಟ್‌ಲೆಂಡಿನ ಮೋಯ್ರಾ ಇವರ ಮಾತು ಕಾಗುಣಿತ ತಪ್ಪಿದ ಇಂಗ್ಲಿಷಿನಂತೆ ಕಾಣುತ್ತದೆ. ಗಟ್ಟಿಯಾಗಿ ಓದಿಕೊಂಡರೆ ತಟ್ಟನೆ ತಿಳಿಯುತ್ತದೆ.

ಹಳತಾದ ಕಣ್ಣೂ ಅಲ್ಲಲ್ಲಿ ಕಾಣಿಸುತ್ತದೆ. ಕೀನ್ಯಾದ ಹಳ್ಳಿ, ಜಪಾನಿನ ಸಮುರಾಯ್, ಕುಳ್ಳ ಯಕ್ಷರು ಓಡಾಡುವ ಐರಿಷ್ ಕೋಟೆ: ಇವೆಲ್ಲ ನ್ಯೂಯಾರ್ಕಿನಲ್ಲಿ ಕೂತು ಊಹಿಸಿದ ದೇಶಗಳು. ಮನಸ್ಸನ್ನು ವಶಪಡಿಸಿಕೊಳ್ಳುವ ಖಳರು ಅತಿಯಾಗಿ ಬರುತ್ತಾರೆ. ಶುರುಮಾಡಿದ ಎಳೆಗಳನ್ನು ಮುಗಿಸದೆ ಬಿಡುವ ಚಾಳಿ ಕೊನೆಯ ವರ್ಷಗಳಲ್ಲಿ ವಿಪರೀತವಾಯಿತು. 1986ರ ‘ಮ್ಯೂಟೆಂಟ್ ಮ್ಯಾಸಕರ್’ನಿಂದಾಚೆ ಒಂದು ಕಥೆ ಮೂರು ನಾಲ್ಕು ಸರಣಿಗಳಲ್ಲಿ ಹಂಚಿಹೋಗುವ ರೂಢಿಯೂ ಬಂದು, ಒಂದನ್ನೇ ಹಿಡಿದು ಓದುವ ಸುಖ ಕೆಟ್ಟಿತು. ಆ ಕಾಲದಲ್ಲೂ ಜೆನೋಷಾ ಕಥೆಯಂಥ ಗಟ್ಟಿ ಕೆಲಸವಿದೆ. ಮ್ಯೂಟೆಂಟ್‌ಗಳನ್ನು ಗುಲಾಮರನ್ನಾಗಿಸಿ ಶ್ರೀಮಂತವಾದ ದ್ವೀಪರಾಷ್ಟ್ರದ ಕಥೆ ಅದು, 1988ರ 235ರಿಂದ 238. ವರ್ಣಭೇದದ ದಕ್ಷಿಣ ಆಫ್ರಿಕಾ ಅದರ ಹಿಂದಿದೆ ಎಂಬುದು ಯಾರಿಗೂ ಹೇಳಿಕೊಡಬೇಕಿಲ್ಲ.

1991ರಲ್ಲಿ ಜಿಮ್ ಲೀ ಚಿತ್ರಿಸಿದ ಹೊಸ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳೊಂದಿಗೆ 80 ಲಕ್ಷಕ್ಕೂ ಮೀರಿ ಮಾರಿ ದಾಖಲೆ ಮಾಡಿತು. ಅದರ ಮೂರನೇ ಸಂಚಿಕೆಗೇ ಕ್ಲೇರ್‌ಮಾಂಟ್ ಹೊರಬಿದ್ದರು. ಕಥೆಯ ಹಿಡಿತ ಅಷ್ಟು ಹೊತ್ತಿಗೆ ಅವರ ಕೈಯಲ್ಲಿರಲಿಲ್ಲ.

ಓದುವ ದಾರಿ ಹೀಗಿರಲಿ. ‘ಜೈಂಟ್-ಸೈಜ್’ ಸಂಚಿಕೆಯಿಂದ ಶುರುಮಾಡಿ 94ಕ್ಕೆ ಬನ್ನಿ. ಮೊದಲ ಹತ್ತು ಹನ್ನೆರಡು ಸಂಚಿಕೆ ತಡವರಿಸುತ್ತವೆ, ತಾಳ್ಮೆ ಇರಲಿ. ಬರ್ನ್ ಬರುವ 108ರಿಂದ ಓಟ ಸಿಗುತ್ತದೆ. ಅಲ್ಲಿಂದ 143ರವರೆಗೆ ಒಂದನ್ನೂ ಬಿಡಬೇಡಿ. ನಂತರ ‘ಗಾಡ್ ಲವ್ಸ್’, ಬಹುಪಾಲು ಪಾಲ್ ಸ್ಮಿತ್ ಚಿತ್ರಿಸಿದ 165ರಿಂದ 175, ಬಳಿಕ 186, 200, 201. ‘ನ್ಯೂ ಮ್ಯೂಟೆಂಟ್ಸ್’ ಸರಣಿಯಲ್ಲಿ ಬಿಲ್ ಸಿಂಕೆವಿಚ್ ಬಣ್ಣ ಶಾಯಿಗಳನ್ನು ಹುಚ್ಚೆಬ್ಬಿಸಿದ 18ರಿಂದ 20ನ್ನು ಚಿತ್ರಕಲೆಯ ಮೇಲೆ ಪ್ರೀತಿ ಇರುವವರು ತಪ್ಪಿಸಿಕೊಳ್ಳಬಾರದು. ಬಿಡಿ ಹಳೆಯ ಸಂಚಿಕೆಗಳನ್ನು ಹುಡುಕುವುದು ಬೇಡ, ಬೆಲೆ ಸಂಗ್ರಹಕಾರರಿಗೇ ಎಟುಕುವಂಥದ್ದು. ‘ಎಪಿಕ್ ಕಲೆಕ್ಷನ್’ ಹೆಸರಿನ ಸಾದಾ ರಟ್ಟಿನ ಸಂಪುಟಗಳಿವೆ. ‘ಸೆಕೆಂಡ್ ಜೆನೆಸಿಸ್’ ಎಂಬುದು ನಿಮಗೆ ಬೇಕಾದ ಮೊದಲನೆಯದು. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ಗೆ ಚಂದಾ ಕಟ್ಟಿ ಫೋನಿನಲ್ಲೂ ಓದಬಹುದು, ಆದರೆ ಇಷ್ಟು ಮಾತು ತುಂಬಿದ ಪುಟಕ್ಕೆ ಟ್ಯಾಬ್ಲೆಟ್ ಇದ್ದರೆ ಕಣ್ಣಿಗೆ ಹಿತ.

1963ರಿಂದ 1970ರವರೆಗಿನ ಕಥೆ ತಪ್ಪಿಹೋಯಿತೆಂಬ ಕೊರಗು ಬೇಡ. ಜೀನ್‌ಳ ಶವಸಂಸ್ಕಾರದ 138ನೇ ಸಂಚಿಕೆಯಲ್ಲಿ ಸ್ಕಾಟ್ ತಂಡದ ಇತಿಹಾಸವನ್ನೆಲ್ಲ ಮೊದಲಿನಿಂದ ನೆನೆಯುತ್ತಾನೆ, ಹಳೆಯ ಅರವತ್ತಾರು ಸಂಚಿಕೆಗಳ ಸಾರ ಅಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಓದಿಯೂ ಸ್ಕಾಟ್ ಮುಂದೇನು ಮಾಡುತ್ತಾನೋ ಎಂಬ ಕುತೂಹಲ ಹುಟ್ಟದಿದ್ದರೆ ಪುಸ್ತಕ ಮುಚ್ಚಿ, ಈ ಸರಣಿ ನಿಮಗೆ ಹೇಳಿದ್ದಲ್ಲ. ಹುಟ್ಟಿದರೆ 139 ಕೈಯಳತೆಯಲ್ಲೇ ಇರಲಿ.